ಮೊಟ್ಟೆ ಟ್ರೇಯ ಹಲ್ಲುಗಳು

ಕಾಪುವಿನ ಅಂಗನವಾಡಿಯೊಂದರಲ್ಲಿ ನಾನು ಟೀಚರ್. ಪುಟ್ಟ ಮಕ್ಕಳಿಗೆ ಹಲ್ಲುಜ್ಜಲು ಕಲಿಸುವ ಬಗ್ಗೆ ಮಣಿಪಾಲದಲ್ಲಿ ಒಂದು ದಿನದ ತರಬೇತಿ ಪಡೆದವಳು ಮರುದಿನವೇ ದೊಡ್ಡ ಪಂಡಿತೆಯಾಗಿಬಿಟ್ಟೆ. ಮೊಟ್ಟೆ ತರುವ ಟ್ರೇಯನ್ನು ಕತ್ತರಿಸಿ, ಬೋರಲು ಹಾಕಿ, ಬಿಳಿ ಪೇಂಟ್ ಹಚ್ಚಿದೆ. ಅದೇ ಹಲ್ಲು. ಎರಡು ಅಡಿಕೆ ಹಾಳೆಯ ತಟ್ಟೆಗಳ ನಡುವೆ ಅಂಟಿಸಿದಾಗ ಬಾಯಿಯೂ ಆಯಿತು. ಆ ಹಲ್ಲುಗಳ ಮೇಲೆ ಇದ್ದಿಲಿನ ಪುಡಿ ಕಲಸಿ ಕಪ್ಪು ಚುಕ್ಕೆ ಇಡುತ್ತಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಒದ್ದೆ ಬ್ರಷ್ಷಿನಿಂದ ತಿಕ್ಕಬೇಕು. ನಾಲ್ಕು ಸಲ ತಿಕ್ಕಿದರೆ ಕಪ್ಪೆಲ್ಲ ಮಾಯ. ಆಗ ಎಲ್ಲರೂ "ಹುಳ ಓಡಿತು!" ಎಂದು ಕೂಗಬೇಕು.

ಈ ಆಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ನಾಲ್ಕು ವರ್ಷದ ಒಬ್ಬ ಹುಡುಗಿ. ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮುಂದಿನ ಸಾಲಿನ ನಡುವಿನ ಜಾಗ ಅವಳದ್ದೇ. ಬೇರೆ ಯಾರಾದರೂ ಕೂತರೆ ನೂಕಿಯೇ ಬಿಡುತ್ತಿದ್ದಳು. ಅವಳ ಮೇಲಿನ ನಾಲ್ಕು ಹಲ್ಲುಗಳು ಹುಳುಕು ಹಿಡಿದು ಬುಡದವರೆಗೂ ಕರ್ರಗಾಗಿದ್ದವು. ಆದರೂ ಬಾಯ್ತುಂಬ ನಗುತ್ತಿದ್ದಳು.

ಒಂದು ದಿನ ಉಡುಪಿಯಿಂದ ಮೇಲ್ವಿಚಾರಕಿ ನಮ್ಮ ಆಟದ ವಿಡಿಯೊ ತೆಗೆಯಲು ಬಂದರು. ಅವರು ಮೊಬೈಲು ಎತ್ತಿದಾಗ ನನಗೆ ಮೊದಲು ಕಂಡದ್ದೇ ಆ ಕಪ್ಪು ಹಲ್ಲು. ಹಲ್ಲಿನ ಪಾಠದಲ್ಲಿ ಎದುರಿಗೇ ಇದು ಕಂಡರೆ ನನ್ನ ಮರ್ಯಾದೆ ಏನಾಗಬೇಕು?

"ನೀನು ಹಿಂದೆ ಹೋಗಿ ಕೂತುಕೋ ಮಗಾ," ಎಂದೆ.

"ಯಾಕ್ರಿ ಟೀಚರ್?"

"ನಿನ್ನ ಹಲ್ಲು ಕಪ್ಪು ಉಂಟಲ್ವಾ? ಬಿಳಿ ಆದ ಮೇಲೆ ಮುಂದೆ ಕೂರುವಿಯಂತೆ."

ನಯವಾಗಿಯೇ ಹೇಳಿದೆ. ಆ ನಯವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವಳು ಎದ್ದು ಹಿಂದೆ ಹೋದಳು. ವಿಡಿಯೊ ಚೆನ್ನಾಗಿ ಬಂತು, ವಾಟ್ಸಾಪ್ ಗುಂಪಿನಲ್ಲೆಲ್ಲ ಹೊಗಳಿದರು. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳ ತಾಯಿ ಕೆಲಸಕ್ಕೆ ಹೋಗುವ ಮೊದಲು ಮಗಳ ಕೈಹಿಡಿದು ಬಂದಳು.

"ಏನ್ ಕಲಿಸೀರಿ ಟೀಚರ್ ಇಕಿಗೆ? ಮುಂಜಾನಿ, ಸಂಜಿ ತಿಕ್ಕಿದ್ದ ತಿಕ್ಕಿದ್ದು. ಬ್ಯಾಡಂದ್ರೂ ಕೇಳಂಗಿಲ್ಲ. ರಕ್ತ ನೋಡ್ರಿ."

ಹುಡುಗಿಯ ಒಸಡು ಊದಿತ್ತು, ಅಲ್ಲಲ್ಲಿ ಸುಲಿದಿತ್ತು. ನನ್ನ ಆಟದಲ್ಲಿ ಕಪ್ಪು ಯಾವಾಗಲೂ ಹೋಗುತ್ತಿತ್ತು. ಹುಳುಕು ಹಿಡಿದ ಹಲ್ಲು ತಿಕ್ಕಿದರೆ ಬಿಳಿಯಾಗುವುದಿಲ್ಲ, ಡಾಕ್ಟರಿಗೆ ತೋರಿಸಬೇಕು ಎಂದು ತರಬೇತಿಯಲ್ಲಿ ನಾನೇ ಬರೆದುಕೊಂಡಿದ್ದೆ. ತಿಂಗಳುಗಟ್ಟಲೆ ಆ ಬಾಯಿಯನ್ನು ನೋಡಿಯೂ ತಾಯಿಗೆ ಒಂದು ಮಾತು ಹೇಳಿರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

"ತಪ್ಪು ನನ್ನದು," ಎಂದೆ. "ಇದು ತಿಕ್ಕಿದರೆ ಹೋಗುವಂಥದ್ದಲ್ಲ. ನಾಳೆ ನಾನೇ ಮಣಿಪಾಲದ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ನೀವೂ ಬನ್ನಿ."

"ನಿಮ್ದೇನ್ ತಪ್ಪ್ ಬಿಡ್ರಿ," ಎಂದಳು ತಾಯಿ. "ಟೀಚರ್ ಹೇಳಿದ್ದು ಖರೇ ಅಂತ ತಿಳ್ಕೊಂಡೈತಿ ಕೂಸು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ತಗ್ಗಿಸಿ ನಿಂತಿದ್ದಾಗ ಹುಡುಗಿ ನನ್ನ ಸೀರೆ ಜಗ್ಗಿದಳು. ಬಾಯಿ ಅಗಲಿಸಿ, ರಕ್ತ ಮೆತ್ತಿದ ಆ ನಾಲ್ಕು ಹಲ್ಲುಗಳನ್ನು ನನಗೆ ತೋರಿಸಿದಳು.

"ಈಗ ಮುಂದ ಕೂಡ್ಲೇನ್ರಿ ಟೀಚರ್?"

ಕೈಹಿಡಿದು ಕರೆದೊಯ್ದು ಅವಳ ಜಾಗದಲ್ಲೇ ಕೂರಿಸಿದೆ. ಅವತ್ತು ವಿಡಿಯೊ ತೆಗೆಯಲು ಯಾರೂ ಬಂದಿರಲಿಲ್ಲ.