ಸಗಿನ್‌ಬಾಯನ ಹೆಗಲ ಮೇಲಿನ ಎರಡು ಆರುಗಳು

೨೦೦೯ರ ಅಕ್ಟೋಬರ್ ಹನ್ನೊಂದು, ಭಾನುವಾರ. ತನಗೆ ವರ್ಷಗಳಿಂದ ಅನ್ಯಾಯವಾಗುತ್ತಿತ್ತೆಂಬುದು ಕಾರಾಕೋಲ್ ಪಟ್ಟಣದ ಸಗಿನ್‌ಬಾಯನಿಗೆ ಅಂದು ತಿಳಿಯಿತು. ಅನ್ಯಾಯ ಮಾಡಿದವರು ಅವನ ಗೆಳೆಯರಾದ ದುಯ್ಶೆನ್ ಮತ್ತು ಕೆರಿಮ್. ಆ ವರ್ಷಗಳಲ್ಲಿ ಇಸ್ಪೀಟಿನಲ್ಲಿ ಅವರು ಅವನನ್ನು ಒಮ್ಮೆಯೂ ಸೋಲಗೊಟ್ಟಿರಲಿಲ್ಲ.

ಸಗಿನ್‌ಬಾಯ್ ಬಜಾರಿನ ತಕ್ಕಡಿಗಳನ್ನೂ ತೂಕದ ಕಲ್ಲುಗಳನ್ನೂ ಪರೀಕ್ಷಿಸುವ ಸರ್ಕಾರಿ ಕೆಲಸದಲ್ಲಿಯೇ ತಲೆ ನರೆಸಿಕೊಂಡವನು. ಒಣ ಏಪ್ರಿಕಾಟನ್ನು ಕಡಿಮೆ ತೂಗಿದವನನ್ನು ಬಿಡುತ್ತಿರಲಿಲ್ಲ. ಕರುಣೆಯಿಂದ ಹೆಚ್ಚು ತೂಗಿದವನನ್ನೂ ಬಿಡುತ್ತಿರಲಿಲ್ಲ. ಹೆಚ್ಚು ತೂಗಿದರೂ ಅದು ಸುಳ್ಳೇ ಎನ್ನುತ್ತಿದ್ದ. ನಿವೃತ್ತಿಯ ನಂತರ ಅವನಿಗೆ ಉಳಿದಿದ್ದ ಹೆಮ್ಮೆ ಒಂದೇ: ಅಂಗಳದ ಪಾಪ್ಲರ್ ಮರದಡಿಯ ಮೇಜಿನಲ್ಲಿ ವರ್ಷಗಳಿಂದ ಅವನನ್ನು ಯಾರೂ ಪೆದ್ದನನ್ನಾಗಿ ಮಾಡಿರಲಿಲ್ಲ. ಅಲ್ಲಿಯ ಆಟದಲ್ಲಿ ಎದುರಾಳಿಯ ಎಲೆಯನ್ನು ದೊಡ್ಡ ಎಲೆಯಿಂದ ಹೊಡೆಯಲಾಗದವನು ಅದನ್ನು ತಾನೇ ಎತ್ತಿಕೊಳ್ಳಬೇಕು; ಕೊನೆಗೆ ಕೈಯಲ್ಲಿ ಎಲೆ ಉಳಿದವನೇ ಪೆದ್ದ. ಗೆದ್ದವರು ಕಡೆಯದಾಗಿ ಇಳಿಸುವ ಎಲೆಗಳು ಎರಡು ಆರುಗಳಾಗಿದ್ದರೆ, ಅವನ್ನು ಸೋತವನ ಎರಡು ಹೆಗಲುಗಳ ಮೇಲಿಟ್ಟು, ಸಿಪಾಯಿಯ ಭುಜಪಟ್ಟಿ ತೊಡಿಸಿದೆವೆಂದು ನಗುವುದು ರೂಢಿ.

ಅಂದು ಕೆರಿಮನ ನಾದಿನಿ ಬುರುಲ್ ಹೊಸದಾಗಿ ಆಟಕ್ಕೆ ಕುಳಿತಿದ್ದಳು. ಸೋಲುವವಳು ಅವಳೇ ಎಂದು ನಂಬಿ ಗೆಳೆಯರಿಬ್ಬರೂ ತಮ್ಮ ಎಲೆಗಳನ್ನು ಮುಗಿಸಿಕೊಂಡರು. ಆದರೆ ಅವಳು ಗೆದ್ದಳು. ಎದ್ದು ಬಂದು ಸಗಿನ್‌ಬಾಯನ ಹೆಗಲುಗಳ ಮೇಲೆ ಎರಡು ಆರುಗಳನ್ನಿಟ್ಟಳು.

"ತಗೊಳ್ಳಿ ಅಣ್ಣ, ಇವತ್ತಿಂದ ನೀವೇ ನಮ್ ಜನರಲ್ಲು."

ಯಾರೂ ನಗಲಿಲ್ಲ. ಕೆರಿಮ್ ಥಟ್ಟನೆ ಆ ಎಲೆಗಳನ್ನು ಎತ್ತಿ ಜೇಬಿಗಿಳಿಸಿಕೊಂಡ.

"ಇವನ ಹೆಗಲಿಗೆ ಇಡೋ ಹಾಗಿಲ್ಲ, ಬುರುಲ್. ನಮ್ಮಲ್ಲಿ ಹಾಗೊಂದು ಕಟ್ಟಳೆ."

"ನಂಗ್ಯಾರೂ ಹೇಳ್ಲೇ ಇಲ್ವಲ್ಲ, ಭಾವ."

"ನಂಗೂ ಹೇಳಿಲ್ಲ," ಎಂದ ಸಗಿನ್‌ಬಾಯ್.

ದುಯ್ಶೆನ್ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಸಗಿನ್‌ಬಾಯನ ಮಗ ಎಲ್ದಾರ್ ಸಿಪಾಯಿಯಾಗಿ ಹೋಗಿ, ಎಂಬತ್ತರ ದಶಕದ ಅಫ್ಘಾನಿಸ್ತಾನದ ಯುದ್ಧದಿಂದ ಮುಚ್ಚಿದ ಸತುವಿನ ಶವಪೆಟ್ಟಿಗೆಯಲ್ಲಿ ಊರಿಗೆ ಬಂದಿದ್ದ. ಭುಜಪಟ್ಟಿಯ ತಮಾಷೆ ತಂದೆಗೆ ನೋವುಂಟುಮಾಡೀತೆಂದು ಹೆದರಿ, ಅಂದಿನಿಂದ ಅವನು ಸೋಲದಂತೆ ಆಡಬೇಕೆಂದು ಅವರಿಬ್ಬರೂ ಗುಟ್ಟಾಗಿ ಮಾತಾಡಿಕೊಂಡಿದ್ದರು.

ತುರುಪಿನ ಎಕ್ಕವನ್ನು ಕೈಯಲ್ಲೇ ಇಟ್ಟುಕೊಂಡು, ಹೊಡೆಯಲಾಗುವುದಿಲ್ಲವೆಂದು ಗೊಣಗುತ್ತ ಎಲೆಗಳನ್ನು ಬಾಚಿಕೊಳ್ಳುತ್ತಿದ್ದ ಕೆರಿಮ್ ಸಗಿನ್‌ಬಾಯನ ಕಣ್ಣಮುಂದೆ ಬಂದ. ಪ್ರತಿಯೊಂದು ಗೆಲುವೂ ಕಳ್ಳತೂಕ. ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. ಪ್ರತಿ ಆಟದಲ್ಲೂ ಇವರಿಬ್ಬರ ಮನಸ್ಸಿನಲ್ಲಿ ಎಲ್ದಾರ್ ಇದ್ದ. ಆದರೂ ತಂದೆಯ ಎದುರು ಅವನ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ.

"ಸೈನ್ಯಕ್ಕೆ ಹೋಗೋ ಮುಂಚೆ ಎಲ್ದಾರ್ ಇದೇ ಮೇಜಲ್ಲಿ ನನ್ ಹೆಗಲಿಗೆ ಆರು ಇಟ್ಟು ಬಿದ್ದುಬಿದ್ದು ನಗ್ತಿದ್ದ," ಎಂದ ಸಗಿನ್‌ಬಾಯ್. "ಅದನ್ನೂ ನನ್ನಿಂದ ಕಿತ್ಕೊಂಡ್ರಲ್ಲೋ. ಕೆರಿಮ್, ಆ ಎರಡು ಎಲೆ ಜೇಬಿಂದ ತೆಗೆದು ಎಲ್ಲಿದ್ವೋ ಅಲ್ಲೇ ಇಡು. ದುಯ್ಶೆನ್, ಅವನು ಹೇಗೆ ನಗ್ತಿದ್ದ ಅಂತ ಈ ಬುರುಲ್‌ಗೆ ಹೇಳು. ಆಮೇಲೆ ಎಲೆ ಕಲಸಿ, ನನ್ನನ್ನ ಸೋಲಿಸೋಕೆ ಅಂತ್ಲೇ ಆಡಿ."