ಸೊಸೆ ಬರೋವರೆಗೂ ಬಾಗಿಲು ತೆಗೆಯೋ ಹಾಗಿಲ್ಲ

ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಆಕೆಯ ಕೆಲಸ. ಬೀದಿಯವರಿಗೆಲ್ಲ ಇಸ್ತ್ರಿ ಅಕ್ಕ. ಗಂಡ ಲಾರಿ ಓಡಿಸುತ್ತಿದ್ದ. ಮನೆಗೆ ಬಂದರೆ ನೆಂಟ ಬಂದ ಹಾಗೆ. ಉಳಿದಂತೆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ.

ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಯಲ್ಲಿ ಹರಟುತ್ತಿದ್ದಾಗ ಕಳ್ಳರು ನುಗ್ಗಿದರು. ಬೀಗವೇನೋ ಗಟ್ಟಿಯಾಗಿಯೇ ಇತ್ತು, ಒಂದೇ ಒದೆತಕ್ಕೆ ಸೀಳಿದ್ದು ಚೌಕಟ್ಟು. ಅತ್ತೆಯ ಓಲೆ ಹೋಯಿತು, ರೇಡಿಯೊ ಹೋಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನೆರೆಯವರು ನಕ್ಕರೂ ಇಸ್ತ್ರಿ ಅಕ್ಕ ಬಡಗಿಯನ್ನು ಕರೆಸಿದಳು. ಅವನು ಹೊಸ ಚೌಕಟ್ಟನ್ನು ಉದ್ದನೆಯ ಸ್ಕ್ರೂಗಳಿಂದ ಗೋಡೆಗೇ ಬಿಗಿದ. ಅಗುಳಿ ಕೂರುವ ಕಡೆ ಕಬ್ಬಿಣದ ಪಟ್ಟಿ ಹೊಡೆದ. ಒಳಗಡೆ ಹೆಬ್ಬೆರಳಿಗಿಂತ ದಪ್ಪನೆಯ ಅಗುಳಿ, ಮೇಲೊಂದು ಸರಪಳಿ. ಆನೆ ಬಂದು ಗುದ್ದಿದರೂ ಅಲುಗದು ಎಂದು ತಾನೇ ಭುಜ ಕೊಟ್ಟು ತೋರಿಸಿದ.

ಆ ಹೊತ್ತಿಗಾಗಲೇ ಅತ್ತೆಗೆ ಮರೆವು ಶುರುವಾಗಿತ್ತು. ಉಪ್ಪು ಹಾಕಿದ್ದಕ್ಕೇ ಮತ್ತೆ ಹಾಕುವರು, ಎಂದೋ ತೀರಿಕೊಂಡ ತಂಗಿಯನ್ನು ಕೂಗುವರು. ಹಾಗಾಗಿ ಸೊಸೆ ಕೆಲಸಕ್ಕೆ ಹೊರಡುವಾಗ ದಿನವೂ ಗಿಣಿಗೆ ಹೇಳಿಕೊಟ್ಟಂತೆ ಹೇಳಿಕೊಡುತ್ತಿದ್ದಳು: ಅಗುಳಿ ಹಾಕಿಕೊಳ್ಳಿ, ನಾನು ಬರುವವರೆಗೆ ಯಾರಿಗೂ ತೆಗೆಯಬೇಡಿ.

ಒಂದು ಸಂಜೆ ಬಂದು ಬಾಗಿಲು ತಟ್ಟಿದಳು.

"ಯಾರು?"

"ನಾನು ಅತ್ತೆ. ತೆಗೀರಿ."

"ಗೊತ್ತಾಗ್ಲಿಲ್ಲಮ್ಮ. ಸೊಸೆ ಕೆಲಸಕ್ಕೆ ಹೋಗಿದ್ದಾಳೆ. ಅವಳು ಬರೋವರೆಗೂ ತೆಗೆಯೋ ಹಾಗಿಲ್ಲ."

ನಾನೇ ಆ ಸೊಸೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಜೋರಾಗಿ ಬಡಿದರೆ ಒಳಗಿನ ದನಿ ನಡುಗತೊಡಗಿತು. ಸೊಸೆ ಬಡಿಯುವುದನ್ನು ನಿಲ್ಲಿಸಿದಳು. ಸುದ್ದಿ ತಿಳಿದು ಓಡಿ ಬಂದ ಬಡಗಿ ತನ್ನ ಕೆಲಸವನ್ನು ತಾನೇ ನೋಡಿ ತಲೆ ಕೆರೆದುಕೊಂಡ. ಗೋಡೆಯನ್ನೇ ಒಡೆಯಬೇಕು, ಆ ಸದ್ದಿಗೆ ಮುದುಕಮ್ಮನ ಎದೆ ಒಡೆದೀತು ಎಂದ. ಸ್ವಲ್ಪ ತಡಿ ಎಂದು ಇಸ್ತ್ರಿ ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಅತ್ತೆಯ ಹೆದರಿಕೆ ಇಳಿಯಲಿ ಎಂದು ಸುಮ್ಮನೆ ಮಾತು ತೆಗೆದಳು.

"ನಿಮ್ಮ ಸೊಸೆ ಹೇಗಮ್ಮ? ಚೆನ್ನಾಗಿ ನೋಡ್ಕೋತಾಳಾ?"

ಒಳಗೆ ಅತ್ತೆಯೂ ನೆಲಕ್ಕೆ ಕೂತ ಸದ್ದಾಯಿತು.

"ಬಾಯಿ ಸ್ವಲ್ಪ ಜೋರು. ಆದ್ರೆ ರಾತ್ರಿ ನನ್ನ ಕಾಲು ತಣ್ಣಗಿದ್ರೆ ತನ್ನ ಹೊದಿಕೆನೇ ತಂದು ಹೊದಿಸ್ತಾಳೆ. ನಾನು ನಿದ್ದೆ ಬಂದೋರ ಹಾಗೆ ಬಿದ್ಕೊಂಡಿರ್ತೀನಿ. ಎಚ್ಚರ ಇದೀನಿ ಅಂತ ಗೊತ್ತಾದ್ರೆ ಅವಳಿಗೆ ನಾಚಿಕೆ."

ಇಸ್ತ್ರಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ದಿನವಿಡೀ ಇಸ್ತ್ರಿಯ ಕಾವಿನ ಮುಂದೆ ನಿಂತು ಗಂಟಲು ಒಣಗಿತ್ತು.

"ಅಮ್ಮಾ, ಕುಡಿಯೋಕೆ ಒಂಚೂರು ನೀರು ಸಿಗುತ್ತಾ?"

ಒಳಗೆ ಪಾತ್ರೆಯ ಸಪ್ಪಳ, ಆಮೇಲೆ ಅಗುಳಿ ಸರಿದ ಸಪ್ಪಳ. ಸರಪಳಿ ಬಿಟ್ಟಷ್ಟೇ ಸಂದಿನಿಂದ ಕೈಯೊಂದು ಲೋಟ ಚಾಚಿತು. ಬೇಗ ಕುಡಿದುಬಿಡು, ಅವಳು ಬರೋ ಹೊತ್ತಾಯ್ತು ಎಂದು ಪಿಸುಗುಟ್ಟುತ್ತ ಅತ್ತೆ ಇಣುಕಿದರು. ಮುಖ ಕಂಡಿತು.

"ನೀನಾ? ಒಳಗೆ ಬರೋದು ಬಿಟ್ಟು ಇಲ್ಯಾಕೆ ಕೂತಿದ್ದೀಯ?"

ಮರುದಿನವೇ ಬಡಗಿ ಆ ಅಗುಳಿ, ಸರಪಳಿ ಕಿತ್ತು, ಹೊರಗಿನಿಂದ ಕೀಲಿಯಲ್ಲೂ ಒಳಗಿನಿಂದ ಕೈಯಲ್ಲೂ ತೆರೆಯುವ ಗಟ್ಟಿ ಬೀಗ ಕೂರಿಸಿದ. ಒಂದು ಕೀಲಿ ಪಕ್ಕದ ಮನೆಯಾಕೆಯ ಹತ್ತಿರ ಉಳಿಯಿತು. ಅತ್ತೆಯ ಮರೆವು ಹೆಚ್ಚುತ್ತಲೇ ಹೋಯಿತು. ಇಸ್ತ್ರಿ ಅಕ್ಕ ಒಳಗೆ ಬಂದು, ಚಪ್ಪಲಿ ಬಿಟ್ಟು, ಅವರ ಪಕ್ಕ ಕೂತು ತಾನು ಯಾರೆಂದು ನಿಧಾನವಾಗಿ ಹೇಳುತ್ತಿದ್ದಳು. ಕೆಲವು ಸಂಜೆ ಅತ್ತೆ ನಂಬುತ್ತಿದ್ದರು. ಕೆಲವು ಸಂಜೆ, "ಆಗ್ಲಿ ಬಿಡಮ್ಮ, ಬಂದಿದ್ದೀಯ, ಊಟ ಮಾಡ್ಕೊಂಡೇ ಹೋಗು" ಎನ್ನುತ್ತಿದ್ದರು.