ಎಂಟು ಸೂತಿನ ಬೆಳಕು

ಪಲ್ಲವಿ, ಸಮರ್ಥ, ನಿನ್ನೆ ನನ್ನ ಕೋಣೆಯ ಟ್ಯೂಬ್‌ಲೈಟ್ ಇಳಿಸಿ ಎಲ್‌ಇಡಿ ಹಾಕಿದಿರಿ. ಹಳೆಯದರ ತುದಿಯಲ್ಲಿ ಟಿ8, 865 ಎಂದಿದ್ದನ್ನು ಓದಿ, "ಅಜ್ಜಿ, ಇದೇನ್ ಬಸ್ ನಂಬರೇನು?" ಎಂದು ನಕ್ಕಿರಿ. ಎದುರಿಗೆ ಹೇಳಲು ನಾಲಿಗೆ ಏಳುವುದಿಲ್ಲ ನನಗೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಹೋದ ಮೇಲೆ ನಾರಾಯಣಗೂಡದ ಈ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಒಮ್ಮೆ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕೂತು ಇಳಕಲ್ ಸೀರೆಯ ಕುಂಕುಮ ಬಣ್ಣದ ರವಿಕೆಗೆ ಕಂದು ದಾರ ಹಾಕಿಬಿಟ್ಟೆ. ಅದು ವಾಪಸು ಬಂತು. ಇನ್ನೊಂದೂ ಬಂತು. ಲಿಂಗಂಪಲ್ಲಿಯಿಂದ ಹೆಂಡತಿಯೊಡನೆ ಬಂದಿದ್ದ ನನ್ನ ಮೈದುನ ಎರಡನ್ನೂ ಎತ್ತಿ ನೋಡಿದ. "ವೈನಿ, ನಿಮ್ಮ ಕಣ್ಣು ಹೋಗ್ಯಾವ್ರಿ. ಮಷೀನ್ ಮಾರ್ರಿ, ಈ ಮನಿ ಬಿಟ್ಟು ನಮ್ಮ ಜೋಡಿ ಬಂದ್ ಇರ್ರಿ." ಅವರ ಅಡುಗೆಮನೆಗೆ ಒಬ್ಬಳು ಬೇಕಾಗಿತ್ತು, ನನಗೆ ಗೊತ್ತಿತ್ತು. ಆದರೂ ತಲೆ ತಗ್ಗಿಸಿ ರವಿಕೆಯ ಹೊಲಿಗೆ ಬಿಚ್ಚತೊಡಗಿದೆ. "ಟ್ಯೂಬ್‌ಲೈಟ್ ಇನ್ನೂ ಹತ್ತಿಲ್ಲ" ಎಂದು ಹೆಂಡತಿಯ ಕಡೆ ನೋಡಿ ನಕ್ಕ. ತಡವಾಗಿ ಮಾತಾಡುವ ನನಗೆ ಅವನಿಟ್ಟ ಹೆಸರು ಅದು.

ಮರುದಿನ ಮಧ್ಯಾಹ್ನ ಅದೇ ದಾರಗಳನ್ನು ಅಂಗಳದ ಬಿಸಿಲಿಗೆ ಹಿಡಿದೆ. ಕುಂಕುಮ ಕುಂಕುಮವೇ, ಕಂದು ಕಂದೇ. ಹಾಗಾದರೆ ತಪ್ಪು ಯಾರದು? ಆಗ ಇದ್ದ ಟ್ಯೂಬನ್ನು ಇಳಿಸಿ ಹಳೆಯ ಸೀರೆಯಲ್ಲಿ ಸುತ್ತಿ, ಆಟೋದವನ ಬೈಗುಳ ಕೇಳುತ್ತ ಸುಲ್ತಾನ್ ಬಜಾರಿನ ಲೈಟಿನ ಅಂಗಡಿಗೆ ಹೋದೆ. ಅಂಗಡಿಯವರು ಬೀದರ ಕಡೆಯವರು. ಬಾಗಿಲಲ್ಲಿ ಬಹಳ ಹೊತ್ತು ನಿಂತೇ ಇದ್ದೆ, ಅವರೇ ಕರೆದರು. ದಾರದ ಕಥೆ ಕೇಳಿ ಟ್ಯೂಬಿನ ತುದಿ ಓದಿದರು.

"ಟಿ8 ಅಂದ್ರ ದಪ್ಪ, ಅಮ್ಮಾರ. ಇಂಚಿನ ಎಂಟನೇ ಭಾಗ, ಅಂಥವು ಎಂಟು."

"ಎಂಟು ಸೂತು ಅನ್ರಿ ಮತ್ತ," ಎಂದೆ. ಟೇಪು ಹಿಡಿದು ಬದುಕಿದವಳಿಗೆ ಸೂತಿನ ಲೆಕ್ಕ ಹೇಳಿಕೊಡಬೇಕೇ?

ಅವರು ನಕ್ಕರು. "ಹೂಂ, ಹಳೇ ದಪ್ಪನವು ಹನ್ನೆರಡು ಸೂತು. ಈಗ ಇದನ್ನ ನೋಡ್ರಿ, 765 ಐತಿ. ಕಡೀ ಎರಡು ಅಂಕಿ ಬೆಳಕಿನ ಬಣ್ಣ. 65 ಅಂದ್ರ ಹಗಲಿನಂಗ ಬಿಳಿ, 27 ಅಂದ್ರ ಬಲ್ಬಿನಂಗ ಹಳದಿ. ಮೊದಲಿನ ಅಂಕಿ, ಬಟ್ಟಿ ಬಣ್ಣ ಎಷ್ಟು ಖರೆ ತೋರಸ್ತೈತಿ ಅಂತ. ನಿಮ್ದು ಏಳು. ಎಂಟರದು ಒಯ್ರಿ."

ಹಾಗೆ ಬಂದದ್ದು ಆ 865. ಮುಂದಿನ ಸಲ ಮೈದುನ ಬಂದಾಗ ಅದರ ಕೆಳಗೆ ಅವನನ್ನು ಕೂರಿಸಿ, ದಾರದ ಉಂಡೆಗಳನ್ನು ಒಂದೊಂದಾಗಿ ಬಣ್ಣ ಹೇಳಿ ಬೇರೆ ಮಾಡಿ ಇಟ್ಟೆ. "ನನ್ನ ಕಣ್ಣು ಛಲೋ ಅದಾವು. ನಾ ಎಲ್ಲೂ ಬರಂಗಿಲ್ಲ." ಅವನು ಚಹಾ ಕುಡಿದು ಎದ್ದುಹೋದ.

ಈಗ ಡಾಕ್ಟರು ಕಣ್ಣಿಗೆ ಪೊರೆ ಬಂದಿದೆ ಎನ್ನುತ್ತಾರೆ. ಖರೆ, ನಿಮ್ಮ ಹೊಸ ಬೆಳಕಿನಲ್ಲೂ ಸೂಜಿಯ ಕಣ್ಣು ಮಸುಕು. ಆದರೆ ಮಷೀನ್ ಮುಚ್ಚುವ ದಿನ ಯಾವುದೆಂದು ನಾನೇ ಹೇಳುತ್ತೇನೆ, ಅದು ಇವತ್ತಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಬೇರೆ ಯಾರೋ ಹೇಳಲು ಬಂದ ದಿನ ಬೇಕಾಗುತ್ತವೆ.